ತಂತಿ ತಲುಪದ ತೀರದಲ್ಲಿ

ಬಸವೇಶ್ವರನಗರದ ನಮ್ಮ ಮನೆಯ ಎದುರಿಗೇ ಒಂದು ವಿದ್ಯುತ್ ಪರಿವರ್ತಕವಿದೆ. ಹಗಲಿನ ಗದ್ದಲದಲ್ಲಿ ಅದರ ಸದ್ದು ಯಾರಿಗೂ ಕೇಳಿಸದು. ರಾತ್ರಿ ಹನ್ನೊಂದರ ಮೇಲೆ, ಕಾರ್ಡ್ ರಸ್ತೆಯ ವಾಹನಗಳು ತುಸು ತಣ್ಣಗಾದ ಬಳಿಕ, ಅದು ಜೇನುಹುಟ್ಟಿನಂತೆ ಗುಂಯ್‌ಗುಡಲು ತೊಡಗುತ್ತದೆ. ಹತ್ತು ವರ್ಷಗಳಿಂದ ಆ ನಾದವನ್ನೇ ಜೋಗುಳವಾಗಿ ಮಾಡಿಕೊಂಡಿರುವ ನಮಗೆ, ವಿದ್ಯುತ್ತಿಲ್ಲದ ಜಾಗಕ್ಕೆ ಹಣ ತೆತ್ತು ಹೋಗಬೇಕೆಂಬ ಬುದ್ಧಿ ಎಲ್ಲಿಂದ ಬಂದಿತೆಂದು ಓದುಗರು ಕೇಳಬಹುದು. ಬುದ್ಧಿ ನನ್ನದಲ್ಲ, ನನ್ನ ಶ್ರೀಮತಿಯದು. ಅವಳ ಕಚೇರಿಯ ಗೆಳತಿಯೊಬ್ಬಳು ಅಂಥ ಕಡೆ ಹೋಗಿಬಂದು, "ಮೂರು ದಿನ ದೂರವಾಣಿ ಸತ್ತುಹೋಗಿತ್ತು ಕಣೆ, ಸ್ವರ್ಗ!" ಎಂದಳಂತೆ. ಅಲ್ಲಿಗೆ ನಮ್ಮ ಜನವರಿಯ ರಜೆಯ ವಿಧಿಲಿಖಿತ ಮುಗಿದಂತಾಯಿತು.

ಈ ಬಗೆಯ ವಿಹಾರಕ್ಕೆ ಈಗ 'ಗ್ಲ್ಯಾಂಪಿಂಗ್' ಎಂಬ ಹೆಸರುಂಟು. ಬೆಡಗು ಎಂಬರ್ಥದ ಇಂಗ್ಲಿಷ್ ಶಬ್ದವೊಂದನ್ನೂ ಡೇರೆವಾಸ ಎಂಬರ್ಥದ ಇನ್ನೊಂದನ್ನೂ ಸೊಂಟಕ್ಕೆ ಕತ್ತರಿಸಿ ಅಂಟಿಸಿದ ಪದ ಇದು. ನಮ್ಮ ವೈಯಾಕರಣರು ಕಂಡಿದ್ದರೆ ಅರಿಸಮಾಸಕ್ಕಿಂತಲೂ ಘೋರವಾದ ಇನ್ನೊಂದು ಸಮಾಸವನ್ನು ಕಲ್ಪಿಸಬೇಕಾಗುತ್ತಿತ್ತು. ಡೇರೆ ಇರಬೇಕು, ಆದರೆ ಡೇರೆಯ ಕಷ್ಟವಿರಬಾರದು. ಮರಳ ಮೇಲೆ ಮಲಗಬೇಕು, ಆದರೆ ನಡುವೆ ಒಂದಡಿ ದಪ್ಪದ ಹಾಸಿಗೆಯಿರಬೇಕು. ಹಾಗೆಂದು ಇದು ತೀರ ಹೊಸ ವಿದ್ಯೆಯೂ ಅಲ್ಲ. ಬ್ರಿಟಿಷರ ಕಾಲದ ಕಲೆಕ್ಟರುಗಳು ಜಮಾಬಂದಿಗೆ ಹೊರಟಾಗ ಮೇಜು, ಕುರ್ಚಿ, ಸ್ನಾನದ ತೊಟ್ಟಿಗಳ ಸಮೇತ ಡೇರೆಗಳು ಎತ್ತಿನ ಗಾಡಿಗಳಲ್ಲಿ ಮುಂದೆ ಹೋಗುತ್ತಿದ್ದವು. ಅವರಿಗೆ ಅದು ಉದ್ಯೋಗದ ಭಾಗ. ನಮಗೆ ಒಂದು ತಿಂಗಳ ಸಂಬಳದ ಒಳ್ಳೆಯ ಭಾಗ.

ನಾವು ನಾಲ್ವರು ಹೊರಟೆವು: ನಾನು, ಶ್ರೀಮತಿ, ಒಂಬತ್ತು ವರ್ಷದ ಮಗಳು ಮತ್ತು ನಮ್ಮ ತಾಯಿಯವರು. ತಾಯಿಯವರನ್ನು ಕರೆದೊಯ್ಯುವುದರಲ್ಲಿ ನನಗೆ ಒಂದು ಅಳುಕಿತ್ತು. ಅವರು ತಿಪಟೂರಿನ ಕಡೆಯ ಹಳ್ಳಿಯವರು. ಅವರಿಗೆ ಹನ್ನೆರಡು ತುಂಬುವವರೆಗೂ ಮನೆಗೆ ವಿದ್ಯುದ್ದೀಪ ಬಂದಿರಲಿಲ್ಲ. "ದೀಪವಿಲ್ಲದ ಊರಿಗೆ ಇಷ್ಟು ದುಡ್ಡೇ? ನಮ್ಮಪ್ಪ ಬದುಕಿದ್ದಿದ್ದರೆ ಹಟ್ಟಿಯನ್ನೇ ಬಾಡಿಗೆಗೆ ಕೊಡುತ್ತಿದ್ದರು" ಎಂದು ಅವರು ಹೊರಡುವ ಮೊದಲೇ ನಕ್ಕುಬಿಟ್ಟಿದ್ದರು.

ರಾತ್ರಿಯ ಬಸ್ಸು ನವರಂಗ್ ವೃತ್ತ ದಾಟಿ, ಯಶವಂತಪುರ, ಗೊರಗುಂಟೆಪಾಳ್ಯಗಳನ್ನು ಹಿಂದೆ ಹಾಕಿ ಘಟ್ಟದತ್ತ ಓಡಿತು. ಬೆಳಗಿನ ಹೊತ್ತಿಗೆ ಗೋಕರ್ಣ. ಮಹಾಬಲೇಶ್ವರನ ದರ್ಶನ ಮುಗಿಸಿ ಆಟೋದಲ್ಲಿ ತದಡಿಯ ದಾರಿ ಹಿಡಿದೆವು. ಆ ಭಾಗದಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳಿವೆ. ಕನ್ನಡಿಯ ಚೂರುಗಳನ್ನು ಹೊಲದಲ್ಲಿ ಬಿತ್ತಿದಂತೆ ಚೌಕಚೌಕವಾದ ಮಡಿಗಳು, ಅವುಗಳ ಅಂಚಿನಲ್ಲಿ ಬಿಳಿಯ ಗುಪ್ಪೆಗಳು. 1930ರ ಏಪ್ರಿಲ್ 13ರಂದು ಇದೇ ಜಿಲ್ಲೆಯ ಅಂಕೋಲೆಯಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ಆರಂಭವಾಯಿತೆಂದೂ, ಆ ವರ್ಷ ಸಾಣಿಕಟ್ಟೆಯ ಆಗರಕ್ಕೂ ಸತ್ಯಾಗ್ರಹಿಗಳು ನುಗ್ಗಿದರೆಂದೂ ನಾನು ಮಗಳಿಗೆ ಪಾಠ ಹೇಳತೊಡಗಿದೆ. ಅವಳಿಗೆ ಮಡಿಗಳ ನಡುವೆ ನಿಂತ ಕೊಕ್ಕರೆಗಳ ಮೇಲೆಯೇ ಕಣ್ಣು. ಮೇಷ್ಟರ ಮಕ್ಕಳ ಹಣೆಬರಹ; ಸುಮ್ಮನಾದೆ.

ತದಡಿಯಲ್ಲಿ ಅಘನಾಶಿನಿ ಹೊಳೆ ಕಡಲನ್ನು ಸೇರುತ್ತದೆ. ಆಚೆಯ ದಡದ ಊರಿಗೂ ಅಘನಾಶಿನಿಯೆಂದೇ ಹೆಸರು. ನಾವು ದಾಟಿದ್ದು ದೋಣಿಯಲ್ಲಿ. ನಮ್ಮ ಜತೆಗೆ ಎರಡು ಮೋಟಾರು ಸೈಕಲ್ಲುಗಳೂ ಮೀನಿನ ಬುಟ್ಟಿಗಳೂ ದಾಟಿದವು. ಈ ಹೊಳೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಇಲ್ಲಿ ಕಡಲಿಗೆ ಬರುವವರೆಗೂ ಇದಕ್ಕೆ ವಿದ್ಯುತ್ತಿಗಾಗಿ ದೊಡ್ಡ ಅಣೆಕಟ್ಟಿಲ್ಲ. ಉತ್ತರ ಕನ್ನಡದ ಹೊಳೆಯ ಮಟ್ಟಿಗೆ ಇದು ಸಣ್ಣ ಭಾಗ್ಯವಲ್ಲ. ಮಳೆಗಾಲದಲ್ಲಿ ಸಿಹಿನೀರು, ಬೇಸಗೆಯಲ್ಲಿ ಉಪ್ಪುನೀರು ಒಂದನ್ನೊಂದು ತಳ್ಳಾಡುವ ಇದರ ಮುಖಜಭೂಮಿಯಲ್ಲಿ ಬೆಳಚು, ಕಲ್ವ ಮೊದಲಾದ ಚಿಪ್ಪುಜೀವಿಗಳು ಹೇರಳ. ದಡದ ಗಜನಿಗದ್ದೆಗಳಲ್ಲಿ ಉಪ್ಪನ್ನು ತಾಳಿಕೊಂಡು ಬೆಳೆಯುವ ಕಗ್ಗ ಎಂಬ ಭತ್ತವುಂಟು. 2024ರ ಜನವರಿಯ ಕೊನೆಯಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು, 4,801 ಹೆಕ್ಟೇರು.

ದೋಣಿ ಇಳಿದು, ತೆಂಗಿನ ತೋಟಗಳ ನಡುವಿನ ಹಾದಿಯಲ್ಲಿ ಸಾಗಿ, ಗಾಳಿಮರಗಳ ತೋಪಿನಾಚೆ ನಮ್ಮ ಡೇರೆಗಳನ್ನು ಕಂಡೆವು. ಒಟ್ಟು 12. ಎದುರಿಗೆ ಅರಬ್ಬಿ ಸಮುದ್ರ. ಹಳ್ಳಿಯ ಕೊನೆಯ ವಿದ್ಯುತ್ ಕಂಬ ಅಲ್ಲಿಂದ ಮುನ್ನೂರು ಹೆಜ್ಜೆಯಷ್ಟೆ. ನನಗೆ ಮೊದಲು ತಟ್ಟಿದ್ದು ಇದು. ತಂತಿ ಇಲ್ಲಿಗೆ ತಲುಪಲಾರದೆ ನಿಂತಿಲ್ಲ; ಬೇಡವೆಂದು ನಿಲ್ಲಿಸಿದ್ದಾರೆ. ಯಾವ ಕಂಬಕ್ಕಾಗಿ ಹಳ್ಳಿಗಳು ಅರ್ಜಿಯ ಮೇಲೆ ಅರ್ಜಿ ಬರೆದುಕೊಂಡವೋ ಆ ಕಂಬ ಕಣ್ಣಿಗೆ ಬೀಳದಿರಲೆಂದು ನಡುವೆ ಒಂದು ಬಿದಿರಿನ ತಟ್ಟಿಯನ್ನೂ ಕಟ್ಟಲಾಗಿತ್ತು.

ವ್ಯವಸ್ಥೆಯೇನೋ ಅಚ್ಚುಕಟ್ಟು. ಸೌರಫಲಕಗಳಿಂದ ಬ್ಯಾಟರಿ, ಬ್ಯಾಟರಿಯಿಂದ ಡೇರೆಗೊಂದು ದೀಪ, ಒಂದು ಪುಟ್ಟ ಪಂಖ. ರಾತ್ರಿ ಹತ್ತಕ್ಕೆ ಎಲ್ಲ ಬಂದ್. ಡೇರೆಯ ಬಾಗಿಲಲ್ಲಿ ಒಂದೊಂದು ಲಾಟೀನು ತೂಗಿತ್ತು. ತಾಯಿಯವರು ಒಳಗೆ ಕಾಲಿಟ್ಟವರೇ ಸೆರಗಿನ ತುದಿಯಿಂದ ಅದರ ಗಾಜನ್ನು ಒರೆಸಲು ಹೋದರು. ಬಾಲ್ಯದಲ್ಲಿ ಸಂಜೆ ಶಾಲೆಯಿಂದ ಬಂದೊಡನೆ ಬೂದಿ ಹಾಕಿ ಲಾಟೀನಿನ ಬುರುಡೆ ಉಜ್ಜುವುದು ಅವರ ಪಾಲಿನ ಕೆಲಸವಾಗಿತ್ತಂತೆ; ಒಡೆದರೆ ಬೆನ್ನಿಗೆ ಗುದ್ದು. ಮುಟ್ಟಿ ನೋಡಿದರೆ ಗಾಜಲ್ಲ, ಪ್ಲಾಸ್ಟಿಕ್ಕು. ಒಳಗೆ ಎಣ್ಣೆಯಿಲ್ಲ, ಬತ್ತಿಯಿಲ್ಲ. ಉರಿಯಂತೆ ಅಲುಗಾಡುವ ಒಂದು ವಿದ್ಯುದ್ದೀಪ. "ಪಾಪ, ಇದಕ್ಕೆ ಮಸಿಯೂ ಇಲ್ಲ" ಎಂದು ಕೈ ಹಿಂದಕ್ಕೆ ತೆಗೆದುಕೊಂಡರು.

ಆದರೆ ಆ ಮೊದಲ ರಾತ್ರಿಯ ಕತ್ತಲೆಯನ್ನು ನಾನು ಹಗುರವಾಗಿ ಕಾಣಲಾರೆ. ಅಮಾವಾಸ್ಯೆಯ ಆಸುಪಾಸಿನ ದಿನಗಳು. ಹತ್ತು ಗಂಟೆಗೆ ದೀಪಗಳು ಆರಿದಾಗ ಮೊದಲು ಏನೂ ಕಾಣಲಿಲ್ಲ. ಕಡಲ ಮೊರೆತ ಇದ್ದಕ್ಕಿದ್ದಂತೆ ಹತ್ತಿರಕ್ಕೆ ಸರಿದಂತಾಯಿತು. ಐದು ನಿಮಿಷದ ಮೇಲೆ ತಲೆಯೆತ್ತಿದ ಮಗಳು "ಅಪ್ಪಾ" ಎಂದವಳು ಮುಂದೆ ಮಾತನಾಡಲಿಲ್ಲ. ಬಸವೇಶ್ವರನಗರದ ತಾರಸಿಯಲ್ಲಿ ಹತ್ತಿಪ್ಪತ್ತು ನಕ್ಷತ್ರ ಎಣಿಸಿ ತೃಪ್ತಿಪಡುವ ಮಗು ಅದು. ತಾಯಿಯವರು ಮರಳಿನ ಮೇಲೆ ಕಾಲು ಚಾಚಿ ಕುಳಿತು, ಇದು ಕೃತ್ತಿಕೆ, ಅದು ರೋಹಿಣಿ, ಆ ಮೂರು ಸಾಲಾಗಿ ನಿಂತವು ಮೃಗಶಿರದ ಕಡೆಯವು, ಕೆಳಗೆ ಉರಿಯುವುದು ಲುಬ್ಧಕ ಎಂದು ಬೆರಳು ತೋರಿಸುತ್ತ ಹೋದರು. ನಲವತ್ತು ವರ್ಷ ಒಂದೇ ಮನೆಯಲ್ಲಿ ಬದುಕಿದ್ದರೂ ಅವರಿಗೆ ಇದೆಲ್ಲ ತಿಳಿದಿದೆಯೆಂಬುದು ನನಗೆ ಗೊತ್ತಿರಲಿಲ್ಲ. ಹೇಳಲು ಆಕಾಶವೇ ಇರಲಿಲ್ಲವಲ್ಲ.

ಕತ್ತಲೆ ಬೇಕಾದದ್ದು ನಮಗೆ ಮಾತ್ರವೇ ಅಲ್ಲ. ಉತ್ತರ ಕನ್ನಡದ ಕಡಲತೀರಗಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಎಂಬ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಕಾರವಾರದ ದೇವಬಾಗ, ಹೊನ್ನಾವರದ ಕಾಸರಕೋಡು ಮೊದಲಾದೆಡೆ ಅರಣ್ಯ ಇಲಾಖೆಯವರೂ ಊರವರೂ ಗೂಡುಗಳಿಗೆ ಬಲೆಯ ಬೇಲಿ ಕಟ್ಟಿ ಕಾಯುತ್ತಾರೆ. ಸುಮಾರು ಐವತ್ತು ದಿನಗಳಲ್ಲಿ ಮರಿಗಳು ಮರಳು ಕೊರೆದು ರಾತ್ರಿಯ ಹೊತ್ತು ಮೇಲೆ ಬಂದಾಗ ಅವುಗಳಿಗೆ ಗೊತ್ತಿರುವ ಶಾಸ್ತ್ರ ಒಂದೇ: ಬೆಳಕಿದ್ದ ಕಡೆ ಹೋಗು. ಸಹಸ್ರಾರು ವರ್ಷ ಆ ಬೆಳಕು ನಕ್ಷತ್ರಗಳನ್ನು ಪ್ರತಿಫಲಿಸುವ ಕಡಲಿನದಾಗಿತ್ತು. ಈಗ ಹಿಂದುಗಡೆ ಒಂದು ಪ್ರಖರವಾದ ದೀಪವಿದ್ದರೆ ಮರಿ ಬೆನ್ನು ತಿರುಗಿಸಿ ರಸ್ತೆಯತ್ತ ನಡೆಯುತ್ತದೆ. ಬೆಳಗಾಗುವುದರೊಳಗೆ ಏಡಿಗೋ ನಾಯಿಗೋ ಆಹಾರ. ಹತ್ತಕ್ಕೆ ದೀಪವಾರಿಸುವ ಕ್ಯಾಂಪಿನ ನಿಯಮವನ್ನು ನಾನು ಮನಸಾರೆ ಮೆಚ್ಚಿಕೊಂಡೆ.

ಮೆಚ್ಚುಗೆ ಒಂದು ರಾತ್ರಿ ಬಾಳಿತು. ಮರುದಿನ ಸಂಜೆ ಯಾವುದೋ ಕಚೇರಿಯ ತಂಡ ಬಂದಿಳಿಯಿತು, ನಮ್ಮ ಬೆಂಗಳೂರಿನವರೇ. ಮೂರು ಡೇರೆಗಳಲ್ಲಿ ಹವಾನಿಯಂತ್ರಣ ಬೇಕು, ಸಂಗೀತ ಬೇಕು. ಬಿದಿರುತಟ್ಟಿಯ ಹಿಂದಿನಿಂದ ಡೀಸೆಲ್ ಜನರೇಟರು ಗುಡುಗತೊಡಗಿತು. ಎದುರುಮನೆಯ ಪರಿವರ್ತಕ ನನ್ನನ್ನು ಹಿಂಬಾಲಿಸಿ ಬಂದು, ದಾರಿಯಲ್ಲಿ ಇನ್ನಷ್ಟು ದಪ್ಪಗಾದಂತೆ ಭಾಸವಾಯಿತು. ಕ್ಯಾಂಪಿನ ಮೇಲ್ವಿಚಾರಕ ಕುಮಟೆಯ ತರುಣ, ಸಂಕೋಚದ ಸ್ವಭಾವದವನು. "ಏನು ಮಾಡುವುದು ಸಾರ್, ಬೇಡವೆಂದರೆ ನಕ್ಷತ್ರ ಕಡಿಮೆ ಕೊಡುತ್ತಾರೆ" ಎಂದ. ಅವನು ಹೇಳಿದ್ದು ಆಕಾಶದ ನಕ್ಷತ್ರವಲ್ಲ; ಅತಿಥಿಗಳು ಹೋದಮೇಲೆ ದೂರವಾಣಿಯಲ್ಲಿ ಕೊಡುವ ಅಂಕಗಳು.

ಆ ಗದ್ದಲದಲ್ಲಿ ನಿದ್ರೆ ಬಾರದೆ ಮಲಗಿದ್ದಾಗ ನನ್ನ ತಲೆಗೆ ಹತ್ತಿದ ಯೋಚನೆಯೇ ಈ ಲೇಖನಕ್ಕೆ ಕಾರಣ. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ, ಕಾವೇರಿಯ ಶಿವನಸಮುದ್ರದಿಂದ. ಅದು ಸಾಲದಾದಾಗ ಜೋಗದ ಕಡೆ ಕೈಚಾಚಿದೆವು. ಅಲ್ಲಿಯ ವಿದ್ಯುದಾಗಾರ 1948ರದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಕಣಿವೆಯೇ ಮುಳುಗಿತು. ಹಿನ್ನೀರಿನಾಚೆ ಉಳಿದ ಊರುಗಳ ಜನ ಲಾಂಚಿಗೆ ಕಾದು ನಿಲ್ಲುವುದು ತಪ್ಪಲು 2025ರ ಸೇತುವೆ ಬರಬೇಕಾಯಿತು. ಆಮೇಲೆ ಕಾಳಿನದಿ. ಸೂಪಾ ಅಣೆಕಟ್ಟಿಗೆ ಸೂಪಾ ಪಟ್ಟಣವೇ ನೀರಿನಡಿಗೆ ಹೋಗಿ, ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಏರಿದವು. ಅದೇ ಕಾಳಿಯ ದಡದ ಕೈಗಾದಲ್ಲಿ 2000ದಿಂದ 2011ರೊಳಗೆ 220 ಮೆಗಾವಾಟಿನ ನಾಲ್ಕು ಅಣುಘಟಕಗಳು ಕೆಲಸಕ್ಕೆ ನಿಂತವು. ಇಡೀ ರಾಜ್ಯದ ವಿದ್ಯುಜ್ಜಾಲಕ್ಕೆ ಉತ್ತರ ಕನ್ನಡವೂ ಅದರ ನೆರೆಯ ಮಲೆನಾಡೂ ತೆತ್ತ ಸುಂಕ ಇದು. ಇಷ್ಟು ಸಾಲದೆಂಬಂತೆ, 2000ದ ದಶಕದಲ್ಲಿ ಇದೇ ತದಡಿಯಲ್ಲಿ, ನಾವು ದೋಣಿ ಹತ್ತಿದ ಆ ಮಗ್ಗುಲಲ್ಲಿ, ಕಲ್ಲಿದ್ದಲನ್ನು ಉರಿಸುವ 4,000 ಮೆಗಾವಾಟಿನ ಉಷ್ಣಸ್ಥಾವರದ ಪ್ರಸ್ತಾಪವಿದ್ದಿತು. ಬೆಸ್ತರು, ಗಜನಿಯ ರೈತರು, ಚಿಪ್ಪು ಹೆಕ್ಕುವ ಹೆಂಗಸರು ಎದ್ದು ನಿಂತು ಬೇಡವೆಂದರು, ಯೋಜನೆ ಕೈಬಿಟ್ಟಿತು. ಅವರು ಅಂದು ಸುಮ್ಮನಿದ್ದಿದ್ದರೆ ಇಂದು ಇಲ್ಲಿ ರಾಮ್ಸಾರ್ ಫಲಕವೂ ಇಲ್ಲ, ನಮ್ಮ ಡೇರೆಯೂ ಇಲ್ಲ, ತಾಯಿಯವರ ಕೃತ್ತಿಕೆಯೂ ಇಲ್ಲ. ನಾವು ದುಡ್ಡು ಕೊಟ್ಟು ಕೊಂಡ ಕತ್ತಲೆಯನ್ನು ಕಾದಿಟ್ಟವರು ಅವರು. ಆ ದುಡ್ಡಿನಲ್ಲಿ ಅವರಿಗೆ ಎಷ್ಟು ಪಾಲು ಸಂದಿತೆಂಬುದನ್ನು ನಾನು ಮೂರನೆಯ ದಿನ ಒಬ್ಬ ಹೆಂಗಸಿನಿಂದ ಕೇಳಿ ತಿಳಿಯಬೇಕಾಯಿತು.

ಮೂರನೆಯ ದಿನ ಸಂಜೆ, ಇಳಿತದ ಹೊತ್ತು, ಹೊಳೆಯ ಬಾಯಿಯ ಕಡೆ ನಡೆದೆವು. ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಭರತ ಎಷ್ಟು ಏರುವುದೋ ಇಳಿತವೂ ಅಷ್ಟೇ ತಗ್ಗುವುದರಿಂದ, ನೀರು ಬಹು ದೂರ ಸರಿದು ಕೆಸರಿನ ದಿಬ್ಬಗಳು ಎದ್ದಿದ್ದವು. ಹತ್ತಾರು ಹೆಂಗಸರು ಸೊಂಟದವರೆಗೆ ನೀರಿನಲ್ಲಿ ಕುಳಿತು, ಕಾಲಿನಿಂದಲೂ ಕೈಯಿಂದಲೂ ತಳವನ್ನು ತಡವುತ್ತ ಬೆಳಚು ಹೆಕ್ಕುತ್ತಿದ್ದರು. ತಾಯಿಯವರು ದಡದಲ್ಲಿ ಕುಳಿತು ಮಾತಿಗೆ ಎಳೆದದ್ದು ಅವರಲ್ಲೊಬ್ಬಳನ್ನು. ಬುಟ್ಟಿ ತುಂಬಿಸಿಕೊಂಡು ಬಂದಿದ್ದಳು. ಯಾವ ಊರು, ಎಷ್ಟು ಮಕ್ಕಳು ಎಂಬಲ್ಲಿಂದ ಮಾತು ಬಾವಿಗೆ ಬಂದಿತು. ಹೆಂಗಸರ ಮಾತು ಕಡೆಗೆ ನೀರಿಗೆ ಬರಲೇಬೇಕಷ್ಟೆ.

"ನಮ್ಮ ಬಾವಿ ನೀರು ಎಳನೀರಿನ ಹಾಗೆ ಇತ್ತು ಅಮ್ಮ" ಎಂದಳು ಅವಳು. "ಈಗ ಎರಡು ಬೇಸಗೆಯಿಂದ ಹೋಳಿ ಆದ ಮೇಲೆ ಬಾಯಿಗೆ ಹಾಕಲಿಕ್ಕೆ ಆಗುವುದಿಲ್ಲ. ಅನ್ನ ಬೇಯುವುದಿಲ್ಲ. ಸುತ್ತ ಪಂಪು ಬಂತಲ್ಲ."

ನನಗೆ ಅದರ ಶಾಸ್ತ್ರ ತುಸು ಗೊತ್ತಿದ್ದಿತು. ಕಡಲತಡಿಯ ಮರಳಿನಲ್ಲಿ ಸಿಹಿನೀರು ಸಿಗುವುದೇ ಒಂದು ಸೋಜಿಗ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನಷ್ಟು ಸುರಿವ ಮಳೆ ಮರಳಿಗಿಳಿದು, ಅಡಿಯಲ್ಲಿರುವ ಉಪ್ಪುನೀರಿಗಿಂತ ಹಗುರವಾದ ಕಾರಣ, ಮಜ್ಜಿಗೆಯ ಮೇಲಿನ ಬೆಣ್ಣೆಯಂತೆ ಅದರ ಮೇಲೆ ತೇಲುತ್ತದೆ. ಇದರ ಲೆಕ್ಕವನ್ನು ಐರೋಪ್ಯ ವಿದ್ವಾಂಸರಿಬ್ಬರು ಬಹಳ ಹಿಂದೆಯೇ ಹಾಕಿಟ್ಟಿದ್ದಾರೆ: ಕಡಲ ಮಟ್ಟಕ್ಕಿಂತ ಒಂದಡಿ ಎತ್ತರ ಸಿಹಿನೀರು ನಿಂತಿದ್ದರೆ, ಕೆಳಗೆ ಸುಮಾರು ನಲವತ್ತಡಿ ಸಿಹಿನೀರಿರುತ್ತದೆ. ಕೇಳಲು ಇಂಪಾದ ಲೆಕ್ಕ. ಆದರೆ ತಿರುಗಿಸಿ ಓದಬೇಕು. ಮೇಲಿನ ಮಟ್ಟ ಪಂಪಿನಿಂದ ಒಂದಡಿ ಕುಸಿದು ಹಾಗೆಯೇ ಉಳಿದರೆ, ಕೆಳಗಿನ ಉಪ್ಪು ಕ್ರಮೇಣ ನಲವತ್ತಡಿ ಮೇಲೇರುತ್ತದೆ. ಕೊಡದಲ್ಲಿ ಸೇದುವ ಹೆಂಗಸು ಈ ಲೆಕ್ಕವನ್ನು ಓದದೆಯೇ ಪಾಲಿಸುತ್ತಿದ್ದಳು. ಕಡಲತೀರದ ಕಾನೂನು ಮಾಡಿದವರಿಗೂ ಇದು ತಿಳಿಯದ್ದಲ್ಲ. 2011ರ ಕರಾವಳಿ ನಿಯಂತ್ರಣ ಅಧಿಸೂಚನೆಯಲ್ಲಿ ಭರತದ ಗೆರೆಯಿಂದ 200 ಮೀಟರಿನೊಳಗೆ ಅಂತರ್ಜಲ ಸ್ಥಳೀಯರ ಬಳಕೆಗೆ ಮಾತ್ರವೆಂದೂ, 200ರಿಂದ 500 ಮೀಟರಿನವರೆಗೆ ಸಾಮಾನ್ಯ ಬಾವಿಯಿಂದ ಕೈಯಲ್ಲಿ ಸೇದಬೇಕೆಂದೂ ಬರೆದಿದ್ದರು. 2019ರ ಅಧಿಸೂಚನೆ ಪ್ರವಾಸಿಗರ ತಾತ್ಕಾಲಿಕ ಗುಡಿಸಲುಗಳನ್ನು ಭರತದ ಗೆರೆಯಿಂದ 10 ಮೀಟರು ಬಿಟ್ಟರೆ ಸಾಕೆಂದು ಒಪ್ಪಿಕೊಂಡಿತು. ಡೇರೆ ತಾತ್ಕಾಲಿಕವಿರಬಹುದು, ಡೇರೆಯ ಸ್ನಾನ ತಾತ್ಕಾಲಿಕವಲ್ಲ.

ಹಿಂದಿರುಗಿ ಮೇಲ್ವಿಚಾರಕನನ್ನು ಕೇಳಿದೆ. ಅವನು ಮುಚ್ಚಿಡಲಿಲ್ಲ. ಡೇರೆಯೊಂದಕ್ಕೆ ದಿನಕ್ಕೆ ಸುಮಾರು 400 ಲೀಟರು ಹೋಗುತ್ತದಂತೆ. ಕಡಲಿನಲ್ಲಿ ಮಿಂದವರು ಉಪ್ಪು ಹೋಗುವವರೆಗೂ ಮತ್ತೆ ಮೀಯಬೇಕಲ್ಲ. 12 ಡೇರೆ ತುಂಬಿದರೆ 4,800. ನೀರು ಬರುವುದು ತೋಪಿನ ಬಾವಿಯಿಂದ, ಎತ್ತುವುದು ಸೌರಶಕ್ತಿಯ ಪಂಪು. "ಪರಿಸರಸ್ನೇಹಿ ಸಾರ್" ಎಂದು ಅವನು ಹೆಮ್ಮೆಯಿಂದ ಹೇಳಿದಾಗ ನನಗೆ ನಗಬೇಕೋ ಬಿಡಬೇಕೋ ತಿಳಿಯಲಿಲ್ಲ. ಸೂರ್ಯನಿಗೆ ಬಿಲ್ಲಿಲ್ಲ, ಆದುದರಿಂದ ಪಂಪನ್ನು ನಿಲ್ಲಿಸಬೇಕೆಂಬ ನೆನಪೂ ಯಾರಿಗೂ ಬಾರದು. ತಂತಿ ಇಲ್ಲವೆಂದಮಾತ್ರಕ್ಕೆ ಲೆಕ್ಕವೂ ಇಲ್ಲವೆಂದು ಭಾವಿಸಿದ್ದೆವು. ಅದು ಮುನ್ನೂರು ಹೆಜ್ಜೆಯಾಚೆ ಇನ್ನೊಬ್ಬಳ ಬಾವಿಯ ಕಟ್ಟೆಯ ಮೇಲೆ ಬರೆಯಲ್ಪಡುತ್ತಿತ್ತು.

ಅವಳ ಬಾವಿ ಕೆಟ್ಟದ್ದು ಈ ಡೇರೆಗಳಿಂದಲೇ ಎಂದು ನಾನು ಆಣೆಯಿಟ್ಟು ಹೇಳಲಾರೆ. ಸುತ್ತ ಮನೆಗಳಿಗೂ ಪಂಪುಗಳಿವೆ, ತೋಟಗಳಿಗೂ ಇವೆ. ಅಲ್ಲದೆ ಈ ವಿಷಯದಲ್ಲಿ ಬೋಧನೆ ಮಾಡಲು ನಮಗೆ ಮುಖವೆಲ್ಲಿ? 2024ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಒಂದಾದ ಮೇಲೊಂದು ಬತ್ತಿದಾಗ ನಮ್ಮ ಬೀದಿಯಲ್ಲೇ ಬಕೆಟ್ಟುಗಳ ಸಾಲು ನಿಂತದ್ದನ್ನು ನೋಡಿದ್ದೇನೆ. ನೂರು ಕಿಲೋಮೀಟರು ದೂರದ ಕಾವೇರಿಯನ್ನು ಐನೂರು ಮೀಟರಿನಷ್ಟು ಮೇಲಕ್ಕೆತ್ತಿ ಕುಡಿಯುವ ಊರು ನಮ್ಮದು. ಎತ್ತುವುದಕ್ಕೂ ಮತ್ತೆ ವಿದ್ಯುತ್ತೇ ಬೇಕು. ಅದು ಎಲ್ಲಿಂದ ಬರುವುದೆಂದು ಮೇಲೆ ಹೇಳಿಯಾಯಿತು.

ಆ ಸಂಜೆ ನಮ್ಮ ಡೇರೆಯಲ್ಲಿ ಯಾರೂ ತುಂತುರು ನಳವನ್ನು ತಿರುಗಿಸಲಿಲ್ಲ. ತಾಯಿಯವರು ಯಾರಿಗೂ ಏನೂ ಹೇಳಲಿಲ್ಲ. ಒಂದು ಬಕೆಟ್ಟನ್ನು ತುಂಬಿಸಿ ತಂದು ಮೊಮ್ಮಗಳನ್ನು ನಿಲ್ಲಿಸಿ, ಹತ್ತು ಚೊಂಬಿನಲ್ಲಿ ತಲೆಯಿಂದ ಕಾಲಿನವರೆಗೆ ಉಪ್ಪು ಹೋಗುವಂತೆ ಮೀಯಿಸುವುದು ಹೇಗೆಂದು ತೋರಿಸಿಕೊಟ್ಟರು. ಶ್ರೀಮತಿಗೆ ಎಂಟು ಚೊಂಬು ಸಾಕಾಯಿತು. ನನಗೆ ಹದಿನಾಲ್ಕು. ಗಂಡಸರಿಗೆ ಅಭ್ಯಾಸವಿಲ್ಲ.

ಈ ಲೇಖನವನ್ನು ಓದಿ, ಹಾಗಾದರೆ ಹೋಗಲೇಬಾರದೇ ಎಂದು ಯಾರಾದರೂ ಕೇಳಿಯಾರು. ಆ ಕತ್ತಲೆಯನ್ನು ನನ್ನ ಮಗಳು ನೋಡಿದಳೆಂಬ ಸಂತೋಷ ನನಗಿದೆ. ಮತ್ತೆ ಹೋಗುವ ಆಸೆಯೂ ಇದೆ. ಆ ದಡದ ಕೆಲವರು ತಮ್ಮ ಮನೆಯಲ್ಲೇ ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಡುತ್ತಾರೆ. ಅಲ್ಲಿ ತಂತಿಯೂ ಇದೆ, ಲಾಟೀನಿಲ್ಲ, ಬಿದಿರುತಟ್ಟಿಯೂ ಇಲ್ಲ. ಬಾವಿಯ ನೀರು ಮುಗಿದರೆ ಮನೆಯವಳೇ ಬಂದು ಹೇಳುತ್ತಾಳೆ.

ಯುಗಾದಿ ಕಳೆದ ಮೇಲೆ ಒಂದು ದಿನ ತಾಯಿಯವರು ಇದ್ದಕ್ಕಿದ್ದಂತೆ, "ಆ ಹೆಂಗಸಿನ ಬಾವಿ ಈಗ ಹೇಗಿದೆಯೋ" ಎಂದರು. ಅವಳ ಹೆಸರನ್ನೂ ನಾವು ಕೇಳಿರಲಿಲ್ಲ. ಮನಸ್ಸು ತಡೆಯದೆ ಕ್ಯಾಂಪಿನ ತರುಣನಿಗೆ ದೂರವಾಣಿ ಮಾಡಿದೆ. ಬೇಸಗೆಯ ರಜೆಗೆ ಎಲ್ಲ ಡೇರೆಗಳೂ ಭರ್ತಿಯಾಗಿವೆ, ನಿಮಗಾದರೆ ಒಂದು ಹೇಗಾದರೂ ಹೊಂದಿಸುತ್ತೇನೆ ಎಂದ. ನೀರಿನ ವಿಷಯ ಕೇಳಿದೆ. ತೋಪಿನ ಬಾವಿ ಉಪ್ಪಾಗಿದೆ, ಈಗ ದಿನಕ್ಕೆರಡು ಟ್ಯಾಂಕರು ತರಿಸುತ್ತಿದ್ದೇವೆ, ಅತಿಥಿಗಳಿಗೆ ಏನೂ ತೊಂದರೆಯಿಲ್ಲ ಎಂದ.

ತಾಯಿಯವರಿಗೆ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಿದ್ದರು. ತಲೆಯೆತ್ತದೆ ಕೇಳಿದರು: "ಟ್ಯಾಂಕರು ಯಾವ ಊರಿನ ಬಾವಿಯಿಂದ ತುಂಬಿಸುತ್ತಾರಂತೆ?"